ಹದಿನೆಂಟು ಮೆಟ್ಟಿಲು ಕೆಳಗೆ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅದರಲ್ಲಿ ಹನ್ನೊಂದು ವರ್ಷ ಕ್ಲಿಯರಿಂಗ್ ವಿಭಾಗದಲ್ಲೇ ಕಳೆಯಿತು. ಬೇರೆ ಬ್ಯಾಂಕುಗಳಿಂದ ಬಂದ ಚೆಕ್ಕುಗಳನ್ನು ಲೆಡ್ಜರಿನೊಂದಿಗೆ ತಾಳೆ ನೋಡುವುದು, ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ‘ಸಾಕಷ್ಟು ಹಣವಿಲ್ಲ’ ಎಂಬ ಚೀಟಿ ಲಗತ್ತಿಸಿ ವಾಪಸು ಕಳಿಸುವುದು ನನ್ನ ಕೆಲಸ. ನಿವೃತ್ತನಾಗಿ ಹದಿನೈದು ವರ್ಷವಾದ ಮೇಲೆ, ಏಳು ಕಡಲಾಚೆಯ ವಾಷಿಂಗ್ಟನ್ ನಗರದಲ್ಲಿ ಅದೇ ಚೀಟಿ ಮತ್ತೆ ಎದುರಾಗುತ್ತದೆಂದು ಯಾರು ಎಣಿಸಿದ್ದರು!

ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗಳು ಅಲ್ಲಿ ಆರನೇ ತರಗತಿ. ಮಾರ್ಟಿನ್ ಲೂಥರ್ ಕಿಂಗ್ ಅವರ ‘ನನಗೊಂದು ಕನಸಿದೆ’ ಎಂಬ ಭಾಷಣದಲ್ಲಿ ಯಾವ ಯಾವ ಅಲಂಕಾರಗಳಿವೆ, ಹುಡುಕಿ ಬರೆಯಿರಿ ಎಂದು ಶಾಲೆಯಲ್ಲಿ ಹೋಂವರ್ಕ್ ಕೊಟ್ಟಿದ್ದರು.

“ತಾತ, ಆ ಭಾಷಣ ಮಾಡಿದ ಜಾಗ ಇಲ್ಲೇ ಇದೆ. ಬರ್ತೀಯಾ? ಅಲ್ಲೇ ಕೂತು ಬರೆಯೋಣ” ಎಂದಳು.

ಒಂದು ಶನಿವಾರ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಅವಳ ನೋಟ್‌ಬುಕ್ ಹಿಡಿದು ಮಗಳೂ ನಾವಿಬ್ಬರೂ ಹೊರಟೆವು. ಹೆಂಡತಿ ಮಂಡಿನೋವೆಂದು ಮನೆಯಲ್ಲೇ ಉಳಿದಳು. ಮೆಟ್ರೋದಲ್ಲಿ ಫಾಗಿ ಬಾಟಮ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ನಿಧಾನವಾಗಿ ನಡೆದರೆ ಅರ್ಧ ಗಂಟೆಯೊಳಗೆ ಲಿಂಕನ್ ಸ್ಮಾರಕ ಸಿಗುತ್ತದೆ.

ದೂರದಿಂದ ನೋಡಿದರೆ ಬಿಳಿ ಕಲ್ಲಿನ ದೊಡ್ಡ ದೇವಸ್ಥಾನದ ಹಾಗೆಯೇ ಇದೆ. ಸುತ್ತ 36 ಕಂಬಗಳು. ಲಿಂಕನ್ ತೀರಿಕೊಂಡಾಗ ಅಮೆರಿಕದಲ್ಲಿ ಅಷ್ಟು ರಾಜ್ಯಗಳಿದ್ದವಂತೆ. ಒಳಗೆ ಕುರ್ಚಿಯ ಮೇಲೆ ಕುಳಿತ ಲಿಂಕನ್ನರ 19 ಅಡಿ ಎತ್ತರದ ಮೂರ್ತಿ. ಗೋಡೆಯ ಮೇಲೆ ಅವರ ಗೆಟಿಸ್‌ಬರ್ಗ್ ಭಾಷಣವನ್ನು ಪೂರ್ತಿ ಕೆತ್ತಿದ್ದಾರೆ. ಎದುರಿಗೆ ಉದ್ದನೆಯ ಕೊಳ, ಅದರಾಚೆ ವಾಷಿಂಗ್ಟನ್ ಸ್ತಂಭ. ಸ್ಮಾರಕ 1922ರಲ್ಲಿ ಉದ್ಘಾಟನೆಯಾದದ್ದು.

ನಾವು ಹುಡುಕಿಕೊಂಡು ಬಂದದ್ದು ಮೂರ್ತಿಯನ್ನಲ್ಲ, ಮೆಟ್ಟಿಲನ್ನು. ಮೇಲಿನಿಂದ ಎಣಿಸುತ್ತಾ ಹದಿನೆಂಟು ಮೆಟ್ಟಿಲು ಇಳಿದರೆ ಅಗಲವಾದ ಒಂದು ಜಾಗವಿದೆ. ಕಿಂಗ್ ನಿಂತಿದ್ದ ಸ್ಥಳವೆಂದು 2003ರಲ್ಲಿ ಅಲ್ಲಿನ ಕಲ್ಲಿನ ಮೇಲೆ ಅಕ್ಷರ ಕೆತ್ತಿದ್ದಾರೆ. ಬಣ್ಣ ತುಂಬಿಲ್ಲ, ಬೇಲಿ ಹಾಕಿಲ್ಲ. ಜನ ಅದರ ಮೇಲೆಯೇ ಓಡಾಡುತ್ತಿದ್ದರು. ನಾವೂ ಎರಡು ಸಲ ದಾಟಿ ಹೋದೆವು. ಕೊನೆಗೆ ಮೊಮ್ಮಗಳು ಬಾಟಲಿಯ ನೀರನ್ನು ಕಲ್ಲಿನ ಮೇಲೆ ಸುರಿದಳು. ಒದ್ದೆಯಾದ ಕಲ್ಲು ಕಪ್ಪಾಗಿ ಅಕ್ಷರಗಳು ಎದ್ದು ಕಂಡವು. ಕಿಂಗ್ ಅವರ ಹೆಸರು, ‘ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ ವಾಷಿಂಗ್ಟನ್ ಚಲೋ’ ಎಂಬ ಅರ್ಥದ ಮಾತು, ಆಗಸ್ಟ್ 28, 1963 ಎಂಬ ತಾರೀಖು.

ಆ ಮೆಟ್ಟಿಲಿನ ಅಂಚಿನಲ್ಲಿ ಕುಳಿತು ಹೋಂವರ್ಕ್ ಶುರುಮಾಡಿದೆವು.

ಆ ದಿನ ಇಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ಹೋಟೆಲು, ಕುಡಿಯುವ ನೀರಿಗೂ ಬೇರೆ ನಲ್ಲಿ. ಓಟು ಹಾಕಲು ಹೋದರೆ ನೂರೆಂಟು ಅಡ್ಡಿ. ಕಿಂಗ್ ಅವರಿಗೆ ಆಗ 34 ವರ್ಷ. ದಿನದ ಕೊನೆಯ ಮುಖ್ಯ ಭಾಷಣ ಅವರದ್ದು, ಸುಮಾರು ಹದಿನೇಳು ನಿಮಿಷ.

ಮೊದಲ ಜಾಣತನ ಭಾಷಣದ ಆರಂಭದಲ್ಲೇ ಇದೆ. ಗೆಟಿಸ್‌ಬರ್ಗ್‌ನಲ್ಲಿ ಲಿಂಕನ್ ವರ್ಷಗಳನ್ನು ಹಳೆಯ ಕಾಲದ ರೀತಿಯಲ್ಲಿ, ಇಪ್ಪತ್ತು ಇಪ್ಪತ್ತಾಗಿ ಎಣಿಸಿ ಮಾತು ಶುರುಮಾಡಿದ್ದರು. ಕಿಂಗ್ ಕೂಡ ಐದು ಇಪ್ಪತ್ತು ಎಂದೇ ಎಣಿಸಿದರು. ಗುಲಾಮರ ಬಿಡುಗಡೆಯ ಘೋಷಣೆಗೆ ಲಿಂಕನ್ ರುಜು ಹಾಕಿದ್ದು 1863ರ ಜನವರಿ 1ರಂದು. ಅಲ್ಲಿಗೆ ನೂರು ವರ್ಷ. ಬೆನ್ನ ಹಿಂದೆ ಕುಳಿತ ಕಲ್ಲಿನ ಲಿಂಕನ್ನರನ್ನೇ ಕಿಂಗ್ ಸಾಕ್ಷಿಗೆ ಕರೆದ ಹಾಗಾಯಿತು.

ಎರಡನೆಯದು, ಒಂದೇ ಮಾತು ಮತ್ತೆ ಮತ್ತೆ ಬರುವುದು. ನಮ್ಮ ಹಾಡುಗಳಲ್ಲಿ ಪಲ್ಲವಿ ಬರುವುದಿಲ್ಲವೇ, ಹಾಗೆ. ನೂರು ವರ್ಷ ಕಳೆದರೂ ಬಿಡುಗಡೆಯಿಲ್ಲ, ನೂರು ವರ್ಷ ಕಳೆದರೂ ಬಡತನ ಹೋಗಿಲ್ಲ ಎಂದು ನಾಲ್ಕು ಸಲ ಬಡಿದು ಹೇಳಿದರು. ಅವರು ಚರ್ಚಿನಲ್ಲಿ ಪ್ರವಚನ ಮಾಡುತ್ತಿದ್ದವರು. ಕೇಳುವವರೂ ಜೊತೆಗೂಡಿ ದನಿಗೂಡಿಸುವಂತೆ ಮಾಡುವುದು ಅವರಿಗೆ ಗೊತ್ತಿತ್ತು.

ಮೂರನೆಯದನ್ನು ಮೊಮ್ಮಗಳು ಓದಿದಾಗ ನಾನು ನೆಟ್ಟಗೆ ಕುಳಿತೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯೂ ಸಂವಿಧಾನವೂ ಎಲ್ಲ ಪ್ರಜೆಗಳಿಗೆ ಬರೆದುಕೊಟ್ಟ ಪ್ರೋನೋಟು ಎನ್ನುತ್ತಾರೆ ಕಿಂಗ್. ಕರಿಯರ ಪಾಲಿಗೆ ಮಾತ್ರ ದೇಶ ಕೊಟ್ಟದ್ದು ದುಡ್ಡಿಲ್ಲದ ಚೆಕ್ಕು. ಅದು ಸಾಕಷ್ಟು ಹಣವಿಲ್ಲ ಎಂಬ ಷರಾದೊಡನೆ ವಾಪಸು ಬಂದಿದೆ. ಆದರೆ ನ್ಯಾಯದ ಬ್ಯಾಂಕು ದಿವಾಳಿಯಾಗಿದೆ ಎಂದು ನಂಬಲು ತಾವು ತಯಾರಿಲ್ಲ. ಅದಕ್ಕೇ ಈ ಚೆಕ್ಕನ್ನು ನಗದು ಮಾಡಿಸಿಕೊಳ್ಳಲು ಬಂದಿದ್ದೇವೆ ಎಂದರು!

ಈ ರೂಪಕಕ್ಕೂ ಒಂದು ಬ್ಯಾಂಕಿನ ಕಥೆಯಿದೆ. ಆ ವರ್ಷವೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಳವಳಿಗಾರರು ಜೈಲು ಸೇರಿದಾಗ ಜಾಮೀನಿಗೆ ಹಣ ಬೇಕಾಗಿತ್ತು. ಕಿಂಗ್ ಅವರ ವಕೀಲ ಕ್ಲಾರೆನ್ಸ್ ಜೋನ್ಸ್ ನ್ಯೂಯಾರ್ಕಿನ ಬ್ಯಾಂಕೊಂದಕ್ಕೆ ಹೋಗಿ, ಶ್ರೀಮಂತ ರಾಕ್‌ಫೆಲರ್ ಕೊಡಿಸಿದ 1,00,000 ಡಾಲರ್ ನಗದು ಪಡೆದರು. ಆಗ ಬ್ಯಾಂಕಿನವರು ಅವರಿಂದ ಪ್ರೋನೋಟಿಗೆ ರುಜು ಹಾಕಿಸಿಕೊಂಡರು. ಭಾಷಣದ ಕರಡು ಬರೆಯುವಾಗ ಅದೇ ನೆನಪಾಯಿತೆಂದು ಜೋನ್ಸ್ ಮುಂದೆ ಹೇಳಿಕೊಂಡಿದ್ದಾರೆ.

“ತಾತ, ಚೆಕ್ ವಾಪಸ್ ಬಂದರೆ ಏನಾಗುತ್ತೆ? ಸಾಲ ಮುಗೀತಾ?”

“ಎಲ್ಲಿ ಮುಗಿಯುತ್ತೆ ಪುಟ್ಟಿ? ಸಾಲ ಹಾಗೇ ಇರುತ್ತೆ. ಬಡ್ಡಿ ಬೆಳೆಯುತ್ತೆ. 1989ರಿಂದ ನಮ್ಮ ದೇಶದಲ್ಲಿ ದುಡ್ಡಿಲ್ಲದ ಚೆಕ್ ಕೊಟ್ಟು, ನೋಟಿಸ್ ಬಂದ ಮೇಲೂ ಕಟ್ಟದಿದ್ದರೆ ಶಿಕ್ಷೆಯೂ ಉಂಟು.”

ಹೇಳುತ್ತಾ ಹೇಳುತ್ತಾ ನನಗೇ ಆ ರೂಪಕದ ತೂಕ ತಿಳಿಯಿತು. ಕೌಂಟರಿನ ಮುಂದೆ ದಾನ ಕೇಳುವವನ ದನಿ ಬೇರೆ, ಬಾಕಿ ಕೇಳುವವನ ದನಿ ಬೇರೆ. ಎರಡೂವರೆ ಲಕ್ಷ ಜನರನ್ನು ಕಿಂಗ್ ಒಂದೇ ಮಾತಿನಲ್ಲಿ ಬೇಡುವವರ ಸಾಲಿನಿಂದ ಎಬ್ಬಿಸಿ, ಬರಬೇಕಾದದ್ದನ್ನು ಕೇಳುವವರ ಸಾಲಿನಲ್ಲಿ ನಿಲ್ಲಿಸಿದರು.

ಕನಸಿನ ಮಾತು ಬಂದದ್ದು ಆಮೇಲೆ. ವೇದಿಕೆಯ ಮೇಲಿದ್ದ ಗಾಯಕಿ ಮಹೇಲಿಯಾ ಜಾಕ್ಸನ್ ‘ಕನಸಿನ ವಿಷಯ ಹೇಳು ಮಾರ್ಟಿನ್’ ಎಂದು ಕೂಗಿದರಂತೆ. ಕಿಂಗ್ ಬರೆದುಕೊಂಡು ಬಂದದ್ದನ್ನು ಬಿಟ್ಟು, ಎದೆಯಿಂದಲೇ ಮಾತಾಡತೊಡಗಿದರು. ತಮ್ಮ ನಾಲ್ಕು ಮಕ್ಕಳನ್ನು ಜನ ಮೈಬಣ್ಣದಿಂದಲ್ಲ, ಗುಣದಿಂದ ಅಳೆಯುವ ದಿನ ಬರಲಿ ಎಂದು ಹಂಬಲಿಸಿದರು. ಲೋಕ ಈ ಕನಸನ್ನು ನೆನಪಿಟ್ಟುಕೊಂಡಿತು. ಚೆಕ್ಕನ್ನು ಮರೆಯಿತು. ಕನಸಿಗೆ ಚಪ್ಪಾಳೆ ತಟ್ಟಿದರೆ ಸಾಕು, ಚೆಕ್ಕಿಗಾದರೆ ದುಡ್ಡು ಕಟ್ಟಬೇಕಲ್ಲ!

“ಹಾಗಾದರೆ ಆ ಚೆಕ್ಕಿಗೆ ದುಡ್ಡು ಬಂತಾ?” ಎಂದಳು.

“ಕಂತಿನಲ್ಲಿ ಬಂತು” ಎಂದೆ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ. ಆದರೆ 1968ರ ಏಪ್ರಿಲ್ 4ರಂದು, ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಬೆಂಬಲಕ್ಕೆಂದು ಮೆಂಫಿಸ್‌ಗೆ ಹೋಗಿದ್ದ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ ಬರೀ 39 ವರ್ಷ. ಬಾಕಿ ಇನ್ನೂ ಇದೆ.

ಊಟ ಮುಗಿಸಿ, ಚೆರ್ರಿ ಮರಗಳ ಸಾಲಿನ ಟೈಡಲ್ ಬೇಸಿನ್ ದಡಕ್ಕೆ ನಡೆದೆವು. ಅಲ್ಲಿ 2011ರಲ್ಲಿ ಕಟ್ಟಿದ ಕಿಂಗ್ ಅವರ ಸ್ಮಾರಕವಿದೆ. ಎರಡಾಗಿ ಸೀಳಿದ ಬೆಟ್ಟ, ಅದರ ನಡುವಿನಿಂದ ಮುಂದೆ ಸರಿದು ಬಂದ ಬಂಡೆಯಲ್ಲಿ ಕೈಕಟ್ಟಿ ನಿಂತ ಕಿಂಗ್, 30 ಅಡಿ ಎತ್ತರ. ಹತಾಶೆಯ ಬೆಟ್ಟದಿಂದ ಭರವಸೆಯ ಕಲ್ಲನ್ನು ಕಡೆಯುವ ಮಾತು ಆ ಭಾಷಣದಲ್ಲೇ ಇದೆ.

ಅಲ್ಲಿ ಬೆಂಚಿನ ಮೇಲೆ ಕುಳಿತಾಗ ಮಗಳು ಒಂದು ಪ್ರಸಂಗ ಹೇಳಿದಳು. ಕಿಂಗ್ 1959ರಲ್ಲಿ ಗಾಂಧೀಜಿಯ ನಾಡು ನೋಡಲೆಂದು ಭಾರತಕ್ಕೆ ಬಂದಿದ್ದರು. ಕೇರಳದ ಶಾಲೆಯೊಂದರಲ್ಲಿ ದಲಿತ ಮಕ್ಕಳ ಮುಂದೆ, ಇವರು ಅಮೆರಿಕದ ಅಸ್ಪೃಶ್ಯರು ಎಂದು ಮುಖ್ಯೋಪಾಧ್ಯಾಯರು ಪರಿಚಯಿಸಿದರಂತೆ. ಮೊದಲು ಕಿಂಗ್ ಬೆಚ್ಚಿದರು. ಆಮೇಲೆ ಯೋಚಿಸಿ, ಹೌದು ಎಂದು ಒಪ್ಪಿಕೊಂಡರು. 1965ರ ಪ್ರವಚನವೊಂದರಲ್ಲಿ ಅವರೇ ಇದನ್ನು ಹೇಳಿದ್ದಾರೆ.

ಮೊಮ್ಮಗಳು ನನ್ನ ಕಡೆ ತಿರುಗಿದಳು. “ತಾತ, ನಿಮ್ಮೂರಲ್ಲೂ ಬೇರೆ ನಲ್ಲಿ ಇತ್ತಾ?”

ನಲ್ಲಿ ಇರಲಿಲ್ಲ, ಬಾವಿ ಇತ್ತು. 1963ರಲ್ಲಿ ನಾನು ಹದಿಮೂರರ ಹುಡುಗ. ನನ್ನ ಪಕ್ಕದ ಮಣೆಯ ಗೆಳೆಯ ಊರಾಚೆಯ ಕೇರಿಯವನು. ಲೆಕ್ಕದಲ್ಲಿ ನನಗಿಂತ ಚುರುಕು. ಒಂದು ಬೇಸಿಗೆಯ ಮಧ್ಯಾಹ್ನ ಪುಸ್ತಕ ಕೊಡಲು ನಮ್ಮ ಮನೆಗೆ ಬಂದವನು ನೀರು ಕೇಳಿದ. ನಮ್ಮಜ್ಜಿ ಅವನನ್ನು ಅಂಗಳದಲ್ಲೇ ನಿಲ್ಲಿಸಿ, ಜಗಲಿಯ ಮೇಲಿನಿಂದ ಅವನ ಬೊಗಸೆಗೆ ನೀರು ಹೊಯ್ದರು. ಅರ್ಧ ನೀರು ಮಣ್ಣಿಗೆ ಬಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ.

“ಆಗ ನೀನೇನು ಮಾಡಿದೆ?”

“ಏನೂ ಮಾಡಲಿಲ್ಲ.”

ಅವಳು ಮುಂದೆ ಕೇಳಲಿಲ್ಲ. ಅಜ್ಜಿಯ ಕಾಲ ಹಾಗಿತ್ತು ಎಂದು ನಾನು ಹೇಳಬಹುದಿತ್ತು. ಆದರೆ ಆಮೇಲೆ ನಾನು ದೊಡ್ಡವನಾದೆ, ಕೆಲಸಕ್ಕೆ ಸೇರಿದೆ, ಮನೆ ಕಟ್ಟಿಸಿದೆ. ಆ ಗೆಳೆಯನನ್ನು ಒಂದು ದಿನವೂ ಒಳಗೆ ಕರೆದು ಕೂರಿಸಲಿಲ್ಲ. ಆ ಲೆಕ್ಕ ಅಜ್ಜಿಯ ಖಾತೆಯದ್ದಲ್ಲ, ನನ್ನದೇ.

ಜೂನ್‌ನಲ್ಲಿ ವಾಪಸು ಬಂದ ಮೇಲೆ ಬಸ್ಸು ಹತ್ತಿ ಊರಿಗೆ ಹೋದೆ. ಗೆಳೆಯ ಮೇಷ್ಟರಾಗಿ ನಿವೃತ್ತನಾಗಿದ್ದಾನೆ. ಅವನ ಮನೆಯ ನಡುಮನೆಯಲ್ಲಿ ಕುಳಿತು, ಮೊದಲು ನೀರು ಕೇಳಿದೆ. ಅವನು ಲೋಟ ತಂದು ಕೈಗೆ ಕೊಟ್ಟ. ವಾಷಿಂಗ್ಟನ್ ಮೆಟ್ಟಿಲು, ಕಿಂಗ್ ಅವರ ಚೆಕ್ಕು, ನಮ್ಮ ಮನೆಯ ಅಂಗಳ ಎಲ್ಲವನ್ನೂ ತಡವರಿಸುತ್ತಾ ಹೇಳಿದೆ.

ಅವನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕು, “ಬ್ಯಾಂಕಿನವನು ನೀನು. ಅರವತ್ತು ವರ್ಷಕ್ಕೆ ಬಡ್ಡಿ ಎಷ್ಟಾಯಿತು, ಲೆಕ್ಕ ಹಾಕಿದ್ದೀಯೇನೋ?” ಎಂದ.

ನನ್ನ ಬಳಿ ಉತ್ತರವಿರಲಿಲ್ಲ. ಅವನು ಕೊಟ್ಟ ನೀರನ್ನು ಕುಡಿದೆ.