ಸರಪಣಿ ಎಲ್ಲಿಗೆ ಕಟ್ಟಿದ್ದೀರಿ?

ಟ್ರಾಕ್ಟರ್ ವಿಷಯ ಹೆಂಗಸರಿಗೇಕೆ ಎಂದು ನಾನೂ ಅಂದುಕೊಂಡಿದ್ದೆ, 2019ರ ಬೇಸಿಗೆಯ ಆ ಒಂದು ಬೆಳಿಗ್ಗೆಯ ತನಕ.

ನಮ್ಮ ಹಿತ್ತಿಲಿನಾಚೆ ಹಳೆಯ ಹುಣಿಸೆಮರವೊಂದಿತ್ತು. ಗಾಳಿಗೆ ಬಿದ್ದ ಮೇಲೆ ಕೊಂಬೆ, ಕಾಂಡವೆಲ್ಲ ಸೌದೆಗಾಯಿತು. ಬೊಡ್ಡೆ ಮಾತ್ರ ಉಳಿಯಿತು. ಅದನ್ನು ಕಿತ್ತು ಹಾಕಿದರೆ ನುಗ್ಗೆ, ಕರಿಬೇವು ಬೆಳೆಸಬಹುದು ಎಂದು ಮನೆಯವರಿಗೆ ದುಂಬಾಲು ಬಿದ್ದವಳು ನಾನೇ. ಮೈದುನ ಟ್ರಾಕ್ಟರ್ ತಂದ. ಸರಪಣಿಯನ್ನು ಕೆಳಗಿನ ಡ್ರಾಬಾರಿಗೆ ಸಿಕ್ಕಿಸಿ ಎಳೆದ. ಚಕ್ರ ಮಣ್ಣು ಕೆದರಿತೇ ಹೊರತು ಬೊಡ್ಡೆ ಜಪ್ಪಯ್ಯ ಅನ್ನಲಿಲ್ಲ.

"ಸ್ವಲ್ಪ ಮೇಲಕ್ಕೆ ಕಟ್ಟಿ ನೋಡೋ, ಬೇರು ಎದ್ದು ಬರುತ್ತೆ" ಅಂದೆ. ನನ್ನ ಜಾಣತನ! ಅವನೂ ಹೂಂಗುಟ್ಟಿ, ಸೀಟಿನ ಹಿಂದೆ ಟಾಪ್ ಲಿಂಕ್ ಕೂಡಿಸುವ ಕಡೆ ಕಟ್ಟಿ ಕ್ಲಚ್ಚು ಬಿಟ್ಟ.

ಮುಂದಿನ ಚಕ್ರಗಳೆರಡೂ ನನ್ನ ಸೊಂಟದೆತ್ತರಕ್ಕೆ ಎದ್ದವು. ಕೈಲಿದ್ದ ಕಾಫಿ ಲೋಟ ಜಾರಿತು. ಯಾವ ದೇವರು ಕಾಲು ಹಿಡಿದು ಒತ್ತಿಸಿದನೋ, ಅವನು ಕ್ಲಚ್ಚು ತುಳಿದ. ಟ್ರಾಕ್ಟರ್ ದೊಪ್ಪನೆ ನೆಲಕ್ಕೆ ಬಿತ್ತು. ಇಳಿದು ಬಂದವನ ಮುಖದಲ್ಲಿ ರಕ್ತವಿರಲಿಲ್ಲ. ಓರಗಿತ್ತಿ ಮಗುವನ್ನೆತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮಾರನೆಯ ದಿನ ಬಂದ ಮೆಕ್ಯಾನಿಕ್ ಬಿಡಿಸಿ ಹೇಳಿದ: "ಅಕ್ಕಾ, ಹಿಂದಿನ ಚಕ್ರ ತಿರುಗೋಕೆ ಆಗ್ದೇ ಇದ್ರೆ, ಗಾಡೀನೇ ಅಚ್ಚಿನ ಸುತ್ತ ತಿರುಗುತ್ತೆ. ಮುಕ್ಕಾಲು ಸೆಕೆಂಡಲ್ಲಿ ಕೈಮೀರುತ್ತೆ. ಒಂದೂವರೆ ಸೆಕೆಂಡಲ್ಲಿ ಗಾಡಿ ಅಂಗಾತ, ಡ್ರೈವರು ಅಡಿಯಲ್ಲಿ."

ಒಂದು ಕುರ್ಚಿಯನ್ನು ಬೆನ್ನಿನ ತುದಿ ಹಿಡಿದು ಹಿಂದಕ್ಕೆ ಎಳೆಯಿರಿ, ಮಗುಚುತ್ತದೆ. ಕಾಲಿನ ಬುಡ ಹಿಡಿದು ಎಳೆಯಿರಿ, ಜಾರುತ್ತದೆ ಅಷ್ಟೆ. ಸರಪಣಿಯ ಲೆಕ್ಕವೂ ಇದೇ. ಮನೆಯಲ್ಲಿ ಟ್ರಾಕ್ಟರ್ ಇರುವ ಸೋದರಿಯರು ಇಷ್ಟನ್ನು ನೆನಪಿಡಿ:

ಸರಪಣಿಯನ್ನು ಡ್ರಾಬಾರಿಗೇ ಕಟ್ಟಬೇಕು. ಅಚ್ಚಿಗಾಗಲಿ, ಟಾಪ್ ಲಿಂಕಿಗಾಗಲಿ, ಸೀಟಿನ ಕಂಬಿಗಾಗಲಿ ಕೂಡದು.

ಸಡಿಲ ಸರಪಣಿ ಬಿಗಿಯಾಗುವ ತನಕ ಆಮೆಯಂತೆ ಚಲಿಸಬೇಕು. ಆಮೇಲೂ ಸಣ್ಣ ಗೇರಿನಲ್ಲಿ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಜಗ್ಗಿ ಎಳೆಯಬಾರದು.

ಮುಂಭಾಗ ಹಗುರಾಗದಂತೆ ತೂಕದ ಕಬ್ಬಿಣಗಳನ್ನು ಹಾಕಿಸಿ. ಮುಂದಿನ ಚಕ್ರ ಎದ್ದ ಸುಳಿವು ಸಿಕ್ಕರೆ ತಕ್ಷಣ ಕ್ಲಚ್ ಒತ್ತಿ, ಅಲ್ಲಿಗೇ ಕೆಲಸ ನಿಲ್ಲಿಸಿ.

ಕೆಸರಲ್ಲಿ ಹೂತ ಚಕ್ರದ ಮುಂದೆ ದಿಮ್ಮಿ ಕೊಟ್ಟು ಮುಂದಕ್ಕೆ ಹತ್ತಿಸಬೇಡಿ. ಅದೂ ಹೀಗೇ ಮಗುಚಿಸುತ್ತದೆ. ಮಣ್ಣು ತೋಡಿ ಹಿಂದಕ್ಕೆ ತೆಗೆಯಿರಿ.

ಸರಪಣಿ ಹರಿದರೆ ಚಾಟಿಯಂತೆ ಬೀಸುತ್ತದೆ. ಮಕ್ಕಳು, ನೋಡುವವರು ಅದರ ಉದ್ದಕ್ಕಿಂತ ದೂರ ನಿಲ್ಲಲಿ.

ಸೀಟಿನ ಹಿಂದೆ ಗಟ್ಟಿ ರಕ್ಷಣಾ ಕಮಾನು ಇದ್ದು, ಬೆಲ್ಟನ್ನೂ ಹಾಕಿಕೊಂಡರೆ ಮಗುಚಿದರೂ ಜೀವ ಉಳಿಯುವ ಆಸೆಯಿದೆ. ಸ್ವೀಡನ್ ದೇಶದಲ್ಲಿ 1959ರಲ್ಲೇ ಹೊಸ ಟ್ರಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಕಮಾನಿಲ್ಲದ ಗಾಡಿಯಲ್ಲಿ ಮಾತ್ರ ಬೆಲ್ಟ್ ಬೇಡ.

ಕಡೆಗೆ ನಮ್ಮ ಬೊಡ್ಡೆ ಬಂದದ್ದು ಹೇಗೆ ಗೊತ್ತೆ? ಇಬ್ಬರು ಆಳುಗಳು ಎರಡು ದಿನ ಸುತ್ತ ತೋಡಿ, ಬೇರುಗಳನ್ನು ಕೊಡಲಿಯಿಂದ ಕಡಿದರು. ಆಮೇಲೆ ಡ್ರಾಬಾರಿಗೆ ಕಟ್ಟಿ ಎಳೆದರೆ ಕೊಳೆತ ಹಲ್ಲಿನಂತೆ ಬಂತು. ಉಳಿಸಲು ಹೋದದ್ದು ಎರಡು ದಿನದ ಕೂಲಿ. ಕಳೆದುಕೊಳ್ಳುತ್ತಿದ್ದದ್ದು ಒಂದು ಮನೆಯ ದೀಪ.

ಈಗ ಅಲ್ಲಿ ಕರಿಬೇವು ಆಳೆತ್ತರ ಬೆಳೆದಿದೆ. ಮೈದುನ ಟ್ರಾಕ್ಟರ್ ಹತ್ತಿದಾಗಲೆಲ್ಲ ನಾನು ಅಡಿಗೆಮನೆಯ ಕಿಟಕಿಯಿಂದಲೇ ಕೂಗುತ್ತೇನೆ: "ಸರಪಣಿ ಎಲ್ಲಿಗೆ ಕಟ್ಟಿದ್ದೀಯೋ?"

"ಕೆಳಗೇ ಅತ್ತಿಗೆ, ಕೆಳಗೇ" ಎನ್ನುತ್ತಾನೆ. ಓರಗಿತ್ತಿ ಮಾತ್ರ ಬಾಗಿಲಿಗೆ ಬಂದು ಕಣ್ಣಾರೆ ನೋಡಿಯೇ ಒಳಗೆ ಹೋಗುವುದು.