ಮಗ್ಗುಲ ನಿದ್ರೆ, ಮೂಗಿನ ಮಾಸ್ಕು

ನಿದ್ರೆಯಲ್ಲಿ ಗಂಟಲ ದಾರಿ ಕುಸಿದು ಉಸಿರು ಕಟ್ಟುವ ನಮ್ಮಂಥವರಿಗೆ, ಗಾಳಿಯ ಒತ್ತಡದಿಂದ ಆ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವು ವರವೇ ಸರಿ. ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಈ ವಿಧಾನವನ್ನು ಪ್ರಕಟಪಡಿಸಿದ್ದು 1981ರಲ್ಲಿ. ಆದರೆ ಮಗ್ಗುಲಾಗಿಯೋ ಕವುಚಿಯೋ ಮಲಗುವವರಿಗೆ ದಿಂಬೇ ಶತ್ರು. ಅದು ತಗುಲಿ ಮಾಸ್ಕು ಸರಿದರೆ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆ. ಬೇಸತ್ತು ಕಳಚಿಟ್ಟರೆ ಉಸಿರು ಮತ್ತೆ ಕಟ್ಟುತ್ತದೆ.

ಪಟ್ಟಿಯನ್ನು ಅತಿಯಾಗಿ ಬಿಗಿದರೆ ಮೆತ್ತೆ ನಲುಗಿ ಸೋರಿಕೆ ಹೆಚ್ಚೀತು. ಯಂತ್ರ ನಡೆಯುತ್ತಿರುವಾಗಲೇ, ಮಲಗುವ ಭಂಗಿಯಲ್ಲೇ ಅದನ್ನು ಹೊಂದಿಸಿಕೊಳ್ಳಬೇಕು. ಮೂಗಿನ ಹೊಳ್ಳೆಗಷ್ಟೇ ಕೂರುವ ಕಿರಿಯ ಮಾಸ್ಕು, ನೆತ್ತಿಯ ಮೇಲಿಂದ ಸಾಗುವ ಕೊಳವೆ, ತೆಳ್ಳನೆಯ ದಿಂಬು ನಮಗೆ ಒಗ್ಗಿವೆ. ತೆಂಗಿನೆಣ್ಣೆಯ ನಾಡಾದ ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ಮಾತು: ಜಿಡ್ಡಿನ ಮುಖದ ಮೇಲೆ ಮೆತ್ತೆ ನಿಲ್ಲದು. ಮಲಗುವ ಮುನ್ನ ಮುಖವನ್ನೂ, ದಿನಕ್ಕೊಮ್ಮೆ ಮೆತ್ತೆಯನ್ನೂ ತೊಳೆದರೆ ನಮಗೂ ಮನೆಮಂದಿಗೂ ಸುಖನಿದ್ರೆ.