ಸೊಂಟದ ಪಿಸ್ತೂಲು

೨೦೨೫ನೆಯ ಇಸವಿಯ ಜನವರಿ ೧೬ರಂದು ಬೀದರಿನಲ್ಲಿ ಬ್ಯಾಂಕಿನ ಹಣ ಸಾಗಿಸುತ್ತಿದ್ದವರ ಮೇಲೆ ದರೋಡೆಕೋರರು ಹಾಡುಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆಯನ್ನು ಒಯ್ದರು. ಮರುದಿನ ನಮ್ಮ ಮಂಗಳೂರಿನ ನೆರೆಯ ಕೋಟೆಕಾರಿನ ಸಹಕಾರಿ ಬ್ಯಾಂಕಿನ ಶಾಖೆಯೊಂದನ್ನು ಆಯುಧ ತೋರಿಸಿ ಸೂರೆಮಾಡಿದರು. ಎರಡೇ ದಿನಗಳಲ್ಲಿ ನಡೆದ ಈ ಎರಡು ಕೃತ್ಯಗಳು ಗೃಹಸ್ಥರ ಮನಸ್ಸಿನಲ್ಲಿ ಹುಟ್ಟಿಸಿದ ಭಯವು ಸಾಮಾನ್ಯವಾದುದಲ್ಲ. ನಾವು ವಾಸಿಸುವ ಕಾವೂರಿನಲ್ಲಿ, ಅದುವರೆಗೆ ಸಂಜೆಯ ಹೊತ್ತು ಕೆರೆಯ ಬದಿಯಲ್ಲಿ ಅಡ್ಡಾಡುತ್ತ ಮಳೆಯ ವಿಚಾರ, ಅಡಕೆಯ ಧಾರಣೆಯ ವಿಚಾರ ಮಾತನಾಡುತ್ತಿದ್ದ ಸ್ನೇಹಿತರು, "ಸೊಂಟದಲ್ಲಿ ಒಂದು ಸಣ್ಣ ಪಿಸ್ತೂಲಿದ್ದರೆ ಒಳ್ಳೆಯದಲ್ಲವೇ? ಯಾವುದನ್ನು ಕೊಳ್ಳಬೇಕು?" ಎಂದು ಕೇಳತೊಡಗಿದರು.

ಅವರು ನಮ್ಮನ್ನು ಕೇಳುವುದಕ್ಕೆ ಕಾರಣವಿಲ್ಲದಿಲ್ಲ. ಬೆಳ್ತಂಗಡಿ ತಾಲೂಕಿನಲ್ಲಿರುವ ನಮ್ಮ ಹಿರಿಯರ ತೋಟದ ಮನೆಯಲ್ಲಿ ತೀರ್ಥರೂಪರ ಕಾಲದಿಂದಲೂ ಒಂದು ಜೋಡುನಳಿಗೆಯ ಕೋವಿಯುಂಟು. ಅದಲ್ಲದೆ, ಕಾವೂರಿನಲ್ಲಿ ದಿನಸಿಯ ಸಗಟು ವ್ಯಾಪಾರ ಮಾಡುತ್ತಿರುವ ನಮ್ಮ ಮೈದುನರು ೨೦೨೩ರಲ್ಲಿ ಪಿಸ್ತೂಲಿನ ಪರವಾನಗಿ ಪಡೆದರು. ರಾತ್ರಿ ಅಂಗಡಿ ಮುಚ್ಚಿ, ದಿನದ ಹಣವನ್ನು ಚೀಲದಲ್ಲಿಟ್ಟುಕೊಂಡು ಕೂಳೂರಿನ ಕಡೆಯ ಮನೆಗೆ ಹೋಗುವಾಗ ಎರಡು ಸಲ ಯಾರೋ ಮೋಟಾರು ಸೈಕಲಿನಲ್ಲಿ ಅವರನ್ನು ಹಿಂಬಾಲಿಸಿದ್ದರು. ಯಾವ ಆಯುಧವನ್ನು ಆರಿಸಬೇಕೆಂಬ ವಿಚಾರದಲ್ಲಿ ಅವರ ಸಂಗಡ ನಾವೂ ಅಲೆದೆವು. ಆಗ ಕಂಡು ಕೇಳಿ ತಿಳಿದುದನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಜಿಲ್ಲೆಗೆ ಕೋವಿಯು ಹೊಸದಲ್ಲ. ಹಂದಿ, ಮಂಗಗಳಿಂದ ಬೆಳೆಯನ್ನು ಕಾಯುವುದಕ್ಕೆಂದು ಕೃಷಿಕರು ಪರವಾನಗಿ ಪಡೆದು ಕೋವಿಯಿಟ್ಟುಕೊಳ್ಳುವುದು ಬಹುಕಾಲದ ವಾಡಿಕೆ. ನೆರೆಯ ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯುಂಟು. ೨೦೧೯ರಲ್ಲಿ ಆ ವಿನಾಯಿತಿಯನ್ನು ೨೦೨೯ರ ಅಕ್ಟೋಬರದವರೆಗೆ ಮುಂದುವರಿಸಲಾಯಿತು. ಅಲ್ಲಿ ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವರು. ಆದರೆ ಕೋವಿಯು ಮಾರುದ್ದದ ವಸ್ತು; ಅದು ಮೂಲೆಯಲ್ಲಿ ನಿಂತಿದ್ದರೆ ಮನೆಮಂದಿಗೆಲ್ಲ ಕಾಣುತ್ತದೆ, ಹೆಗಲಿಗೇರಿದರೆ ಊರಿಗೆಲ್ಲ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಅದು ಕಾಣಿಸಿಕೊಳ್ಳದಿರುವುದಕ್ಕಾಗಿಯೇ ಹುಟ್ಟಿದ ಆಯುಧ. ಕೋವಿಯನ್ನು ಹಂದಿಗೆಂದು ಕೊಳ್ಳುವೆವು. ಪಿಸ್ತೂಲನ್ನು ಕೊಳ್ಳುವುದು ಮನುಷ್ಯನಿಗೆಂದೇ. ಈ ಮಾತನ್ನು ಮರೆತು ಅಂದ, ಆಕಾರ, ಹೆಸರುಗಳನ್ನು ನೋಡಿ ಆರಿಸತಕ್ಕ ವಸ್ತು ಇದಲ್ಲ.

ಇನ್ನು ಕಾನೂನಿನ ವಿಚಾರ. ೧೯೫೯ರ ಆಯುಧ ಕಾಯಿದೆ ಮತ್ತು ೨೦೧೬ರ ಆಯುಧ ನಿಯಮಗಳು ಇಂದು ನಮ್ಮನ್ನು ಕಟ್ಟುವ ಶಾಸನಗಳು. ೨೧ ವರ್ಷ ತುಂಬದವರಿಗೆ ಪರವಾನಗಿ ಸಾಮಾನ್ಯವಾಗಿ ದೊರೆಯದು. ಅರ್ಜಿಯನ್ನು ನಗರದಲ್ಲಿ ಪೊಲೀಸ್ ಕಮಿಷನರಿಗೂ ಹೊರಗಿನ ಊರುಗಳಲ್ಲಿ ಜಿಲ್ಲಾಧಿಕಾರಿಗಳಿಗೂ ಸಲ್ಲಿಸತಕ್ಕದ್ದು. ಆಯುಧವನ್ನು ನಿರಪಾಯವಾಗಿ ಹಿಡಿಯುವ ತರಬೇತಿ ಪಡೆದ ಪತ್ರವೂ ಬೇಕು. ೨೦೧೯ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಆಯುಧಗಳು. ಪರವಾನಗಿಯ ಅವಧಿ ಮಾತ್ರ ಮೂರು ವರ್ಷಗಳಿಂದ ಐದಕ್ಕೆ ಏರಿತು. ಮುಚ್ಚಿಟ್ಟು ಒಯ್ಯುವುದು ಕಳ್ಳತನದ ಲಕ್ಷಣವೆಂದು ಕೆಲವರು ತಿಳಿದಿರುವರು. ವಾಸ್ತವವು ಅದಕ್ಕೆ ವಿರುದ್ಧ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒರೆಯಲ್ಲಿರಬೇಕು, ಪೂರ್ಣವಾಗಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು ಎಂದೇ ನಿಯಮವಿದೆ. ತೋರಿಸುತ್ತ ತಿರುಗುವುದೇ ಅಪರಾಧ.

ವಿದೇಶದ ಪತ್ರಿಕೆಗಳಲ್ಲಿ ಒಂಬತ್ತು ಮಿಲಿಮೀಟರಿನ ಸಣ್ಣ ಪಿಸ್ತೂಲುಗಳ ವರ್ಣನೆಯನ್ನು ಓದಿ ಬಂದವರಿಗೆ ಇಲ್ಲೊಂದು ನಿರಾಶೆ ಕಾದಿದೆ. ಆ ಅಳತೆಯು ನಮ್ಮ ದೇಶದಲ್ಲಿ ನಿಷಿದ್ಧ ಬೋರು. ಸಾಮಾನ್ಯ ಪರವಾನಗಿಗೆ ಅದು ದೊರೆಯದು. ವಿದೇಶೀ ಪಿಸ್ತೂಲುಗಳನ್ನು ಸಾಮಾನ್ಯ ಜನರಿಗೆಂದು ತರಿಸುವುದೂ ೧೯೮೦ರ ದಶಕದಲ್ಲಿಯೇ ನಿಂತುಹೋಯಿತು. ಹಿಂದೆ ಬಂದವು ಕೈಯಿಂದ ಕೈಗೆ ಮಾರಾಟವಾಗುತ್ತ ಬೆಲೆಯೇರಿಸಿಕೊಂಡಿವೆ. ಆದಕಾರಣ ಗೃಹಸ್ಥನ ಆಯ್ಕೆಯು ಬಹಳ ಕಿರಿದು: ಪಾಯಿಂಟ್ ೩೨ರ ಪಿಸ್ತೂಲು, ಪಾಯಿಂಟ್ ೩೨ರ ರಿವಾಲ್ವರು, ಇಲ್ಲವೇ ಪಾಯಿಂಟ್ ೨೨ರ ಪುಟ್ಟ ರಿವಾಲ್ವರು.

ಪಿಸ್ತೂಲು ಚಪ್ಪಟೆಯಾದುದು. ಅದರ ತೋಟೆಗಳು ಹಿಡಿಯೊಳಗಿನ ಮ್ಯಾಗಜಿನ್ ಎಂಬ ಡಬ್ಬಿಯಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಗುಂಡು ಹಾರಿದೊಡನೆ ಮತ್ತೊಂದು ತಾನಾಗಿಯೇ ನಳಿಗೆಗೆ ಏರುತ್ತದೆ. ರಿವಾಲ್ವರಿನಲ್ಲಿ ಆರು ಮನೆಗಳುಳ್ಳ ಉರುಳೆಯೊಂದು ತಿರುಗುವುದು. ಆ ಉರುಳೆಯು ಉಬ್ಬಿಕೊಂಡಿರುವುದರಿಂದ ಅಂಗಿಯ ಕೆಳಗೆ ಎದ್ದು ತೋರುತ್ತದೆ. ಮರೆಯಾಗಿ ಇಟ್ಟುಕೊಳ್ಳುವುದೊಂದೇ ಮುಖ್ಯವಾದರೆ ಪಿಸ್ತೂಲೇ ಮೇಲೆಂದು ಯಾರಾದರೂ ಹೇಳುವರು.

ಆದರೆ ಅದರಲ್ಲಿ ಒಂದು ಮೋಸವಿದೆ. ಮ್ಯಾಗಜಿನನ್ನು ಹೊರಕ್ಕೆ ತೆಗೆದ ಕೂಡಲೇ ಪಿಸ್ತೂಲು ಬರಿದಾಯಿತೆಂದು ಅರಿಯದವರು ಭಾವಿಸುತ್ತಾರೆ. ನಳಿಗೆಯೊಳಗೆ ಮೊದಲೇ ಏರಿದ್ದ ತೋಟೆಯೊಂದು ಅಲ್ಲಿಯೇ ಉಳಿದಿರಬಹುದು. "ಖಾಲಿಯಿತ್ತು" ಎಂದುಕೊಂಡ ಪಿಸ್ತೂಲಿನಿಂದ ಲೋಕದಲ್ಲಿ ಎಷ್ಟೋ ಜನ ಸತ್ತಿರುವುದು ಈ ಒಂದು ತೋಟೆಯಿಂದಲೇ. ರಿವಾಲ್ವರಾದರೋ ತೆರೆದೊಡನೆ ಆರು ಮನೆಗಳನ್ನೂ ಕಣ್ಣಿಗೆ ಒಪ್ಪಿಸಿಬಿಡುತ್ತದೆ. ಒಂದು ತೋಟೆ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಕೆಟ್ಟ ತೋಟೆಯನ್ನು ಎರಡು ಕೈಗಳಿಂದ ಹೊರದೂಡಬೇಕು. ಮತ್ತೊಂದು ಮಾತು: ಎರಡಕ್ಕೂ ಪಾಯಿಂಟ್ ೩೨ ಎಂಬ ಹೆಸರೇ ಇದ್ದರೂ ತೋಟೆಗಳು ಬೇರೆಬೇರೆ. ಪಿಸ್ತೂಲಿನದು ಬ್ರೌನಿಂಗ್ ಎಂಬ ಅಮೇರಿಕದ ಶಿಲ್ಪಿ ರೂಪಿಸಿ, ೧೮೯೯ರಲ್ಲಿ ಪೇಟೆಗೆ ಬಂದ ಗಿಡ್ಡ ತೋಟೆ. ರಿವಾಲ್ವರಿನದು ಅದಕ್ಕಿಂತ ಉದ್ದವಾದ, ಅಂಚುಳ್ಳ ತೋಟೆ. ಒಂದರದು ಇನ್ನೊಂದಕ್ಕೆ ಸಲ್ಲದು.

ಭಾರದ ವಿಚಾರದಲ್ಲಿಯೂ ನಮ್ಮ ಎಣಿಕೆ ತಲೆಕೆಳಗಾಯಿತು. ಕಾನ್ಪುರದ ಕಾರ್ಖಾನೆಯು ೨೦೧೪ರಲ್ಲಿ ಹೆಂಗಸರಿಗೆಂದು ಹೊರತಂದ 'ನಿರ್ಭೀಕ್' ರಿವಾಲ್ವರು ಸುಮಾರು ೫೦೦ ಗ್ರಾಂ ತೂಗುತ್ತದೆ; ಆಗ ಅದರ ಬೆಲೆ ಸುಮಾರು ೧,೨೨,೦೦೦ ರೂಪಾಯಿ. ೨೦೨೩ರ ಆಗಸ್ಟಿನಲ್ಲಿ ಬಂದ 'ಪ್ರಬಲ್' ಎಂಬುದು ಸುಮಾರು ೭೦೦ ಗ್ರಾಂ. ಇದರ ಉರುಳೆಯು ಪಕ್ಕಕ್ಕೆ ತೆರೆಯುತ್ತದೆ. ಈಶಾಪುರದ ಕಾರ್ಖಾನೆಯ ಪಾಯಿಂಟ್ ೨೨ರ 'ನಿಡರ್' ಕೇವಲ ೨೫೦ ಗ್ರಾಂ. ದಿನವೆಲ್ಲ ಸೊಂಟದಲ್ಲಿರತಕ್ಕ ವಸ್ತು ಹಗುರವಾಗಿದ್ದಷ್ಟೂ ಲೇಸೆಂದು ನಾವು ಹೊರಟಿದ್ದೆವು. ಆದರೆ ತೋಟೆ ಒಂದೇ ಆಗಿರುವಾಗ ಆಯುಧ ಹಗುರವಾದಷ್ಟೂ ಅದು ಕೈಯನ್ನು ಹೆಚ್ಚಾಗಿ ಒದೆಯುತ್ತದೆ. ನಳಿಗೆ ಗಿಡ್ಡವಾದಷ್ಟೂ ಗುರಿಯ ಎರಡು ಬಿಂದುಗಳು ಹತ್ತಿರವಾಗಿ, ಕೈಯ ಕೂದಲೆಳೆಯಷ್ಟು ನಡುಕವೂ ಹತ್ತು ಮೀಟರಿನಾಚೆ ಗೇಣುದ್ದದ ತಪ್ಪಾಗಿ ಬೆಳೆಯುತ್ತದೆ. ಹಗಲು ಬೆಳಕಿನಲ್ಲಿ, ಹೆದರಿಸುವವರು ಯಾರೂ ಇಲ್ಲದ ಅಭ್ಯಾಸದ ಸ್ಥಳದಲ್ಲಿಯೇ ಕಾಗದದ ಗುರಿಯನ್ನು ತಪ್ಪುವ ಕೈ, ಕತ್ತಲಲ್ಲಿ ಎದೆ ಡವಡವ ಹೊಡೆದುಕೊಳ್ಳುವಾಗ ಏನು ಮಾಡೀತು?

ಕರಾವಳಿಯ ಹವೆಯೂ ಈ ಆಯ್ಕೆಯಲ್ಲಿ ಒಂದು ಪಕ್ಷವನ್ನು ಹಿಡಿಯುತ್ತದೆ. ಇಲ್ಲಿ ಕೋಟು ತೊಡುವವರು ಯಾರು? ತೆಳು ಹತ್ತಿಯ ಅಂಗಿ, ಕೆಳಗೆ ಪಂಚೆ ಇಲ್ಲವೇ ಪ್ಯಾಂಟು. ಬೇಸಗೆಯಲ್ಲಿ ಆ ಅಂಗಿಯೂ ಬೆವರಿನಿಂದ ಮೈಗಂಟಿ ಒಳಗಿರುವುದನ್ನೆಲ್ಲ ಹೊರಗೆ ಬಿಡಿಸಿ ತೋರಿಸುತ್ತದೆ. ಬೆವರಿನ ಉಪ್ಪು, ಕಡಲ ಗಾಳಿಯ ಉಪ್ಪು, ಮೇಲೆ ನಾಲ್ಕು ತಿಂಗಳ ಮಳೆ. ಮೈಗೆ ಒತ್ತಿಕೊಂಡಿರುವ ಉಕ್ಕು ಎರಡು ದಿನ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ನಿತ್ಯವೂ ತೋಟೆ ತೆಗೆದು, ಒರೆಸಿ, ಎಣ್ಣೆಯ ಬಟ್ಟೆ ಸವರಿ ಇಡುವ ವ್ರತವನ್ನು ಮಾಡಲಾರದವರು ಆಯುಧದ ಆಸೆಯನ್ನೇ ಬಿಡುವುದು ಮೇಲು.

ಇಷ್ಟೆಲ್ಲ ಚರ್ಚೆಯಾದ ಮೇಲೆ, ಅದುವರೆಗೆ ಮಾತನಾಡದೆ ಕುಳಿತಿದ್ದ ಮೈದುನರ ಪತ್ನಿಯು, "ಅಣ್ಣಾ, ಹಗಲಿನದು ಸರಿ, ರಾತ್ರಿ ಇದು ಎಲ್ಲಿ ಇರುತ್ತದೆ? ಬೀಗದ ಕೈ ಯಾರ ಹತ್ತಿರ?" ಎಂದು ಕೇಳಿದಳು. ಮನೆಯಲ್ಲಿ ಎಂಟು ವರ್ಷದ ಮಗನೂ ಐದು ವರ್ಷದ ಮಗಳೂ ಇರುವರು. ಮೈದುನರು, "ಭಾವ, ದಿಂಬಿನ ಕೆಳಗಿದ್ದರಲ್ಲವೇ ಸಮಯಕ್ಕೆ ಒದಗುವುದು?" ಎಂದರು. ಆಕೆ ದನಿಯೇರಿಸದೆ, "ಕಳ್ಳನು ಎಂದಾದರೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಮಕ್ಕಳು ಪ್ರತಿದಿನವೂ ಆ ದಿಂಬಿನ ಮೇಲೆ ಕುಣಿಯುತ್ತಾರೆ" ಎಂದಳು. ಅಂಗಡಿಯವರಾಗಲಿ ತರಬೇತಿಯವರಾಗಲಿ ನಾವಾಗಲಿ ಎತ್ತದಿದ್ದ ಪ್ರಶ್ನೆಯನ್ನು ಮನೆಯ ಗೃಹಿಣಿ ಎತ್ತಿದ್ದಳು. ಆಯ್ಕೆಯು ಅಲ್ಲಿಗೆ ಮುಗಿಯಿತು.

ಮೈದುನರು ರಿವಾಲ್ವರನ್ನೇ ಕೊಂಡರು, ಹಗುರವಾದುದನ್ನಲ್ಲ, ಭಾರವಾದುದನ್ನು. ಬರಿದಾಗಿದೆಯೋ ಇಲ್ಲವೋ ಎಂಬುದನ್ನು ಮನೆಯ ಹಿರಿಯರಿಬ್ಬರೂ ಒಂದೇ ನೋಟದಲ್ಲಿ ತಿಳಿಯಬಹುದೆಂಬುದೇ ಮುಖ್ಯ ಕಾರಣ. ಮನೆಗೆ ಬಂದೊಡನೆ ತೋಟೆಗಳು ಒಂದು ಪೆಟ್ಟಿಗೆಗೆ, ಆಯುಧವು ಗೋಡೆಗೆ ಬಿಗಿದ ಮತ್ತೊಂದು ಉಕ್ಕಿನ ಪೆಟ್ಟಿಗೆಗೆ. ಒಂದರ ಬೀಗದ ಕೈ ಗಂಡನಲ್ಲಿ, ಇನ್ನೊಂದರದು ಹೆಂಡತಿಯಲ್ಲಿ. ಇಂಥ ಏರ್ಪಾಡಿನಿಂದ ಅರ್ಧರಾತ್ರಿಯಲ್ಲಿ ಆಯುಧವು ಥಟ್ಟನೆ ಕೈಗೆ ಸಿಕ್ಕದೆಂಬುದು ನಿಜ. ಆ ನಷ್ಟವನ್ನು ಅವರು ತಿಳಿದೇ ಒಪ್ಪಿಕೊಂಡರು.

ಒಪ್ಪಿಕೊಂಡುದಕ್ಕೆ ಮತ್ತೊಂದು ಕಾರಣವೂ ಇತ್ತು. ೨೦೨೧ರ ಅಕ್ಟೋಬರದಲ್ಲಿ ನಮ್ಮ ಮಂಗಳೂರು ನಗರದಲ್ಲಿಯೇ, ಪರವಾನಗಿಯಿದ್ದ ಪಿಸ್ತೂಲೊಂದು ಮಾತಿನ ಜಗಳದ ನಡುವೆ ಹೊರಕ್ಕೆ ಬಂದು, ಅದರ ಗುಂಡು ಹಾರಿಸಿದವರ ಸ್ವಂತ ಮಗನಿಗೇ ತಗಲಿ ಆ ಬಾಲಕನು ತೀರಿಕೊಂಡನು. ಆ ಸುದ್ದಿಯನ್ನು ಓದಿದ ಯಾವ ತಂದೆತಾಯಿಗಳು ಮರೆತಾರು? ಕೋವಿಯಿದ್ದಿದ್ದರೆ ಮನೆಯಿಂದ ತರುವಷ್ಟರಲ್ಲಿ ಕೋಪವಾದರೂ ಇಳಿಯುತ್ತಿತ್ತು. ಸೊಂಟದಲ್ಲಿರುವ ಆಯುಧಕ್ಕೂ ಕೋಪಕ್ಕೂ ನಡುವೆ ಇರುವ ದಾರಿ ಒಂದು ಗೇಣು.

ಕೋಪದ ಮಾತು ಹಾಗಿರಲಿ, ನ್ಯಾಯವಾದ ಕಾರಣವಿದ್ದಾಗಲೂ ಗುಂಡು ಹಾರಿಸುವ ಅಧಿಕಾರಕ್ಕೆ ಮಿತಿಯುಂಟು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಆತ್ಮರಕ್ಷಣೆಯ ಹಕ್ಕನ್ನು ಹಿಂದಿನ ದಂಡಸಂಹಿತೆಯಂತೆಯೇ ಒಪ್ಪಿದೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚು ಹಾನಿಯನ್ನು ಮಾಡತಕ್ಕದ್ದಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲ. ಹಣದ ಚೀಲವನ್ನು ಎಳೆದುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡಿಕ್ಕಿದವನು ತಾನೇ ಕಟಕಟೆಯಲ್ಲಿ ನಿಲ್ಲಬೇಕಾದೀತು.

೨೦೨೪ರ ಲೋಕಸಭಾ ಚುನಾವಣೆ ಬಂದಿತು. ಆ ಕಾಲದಲ್ಲಿ ಪರವಾನಗಿದಾರರು ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವ ಪದ್ಧತಿಯು ಎಲ್ಲರಿಗೂ ತಿಳಿದದ್ದೇ. ನಮ್ಮ ಜಿಲ್ಲೆಯಲ್ಲಿ ಮತದಾನವಾದುದು ಏಪ್ರಿಲ್ ೨೬ರಂದು, ಫಲಿತಾಂಶ ಬಂದುದು ಜೂನ್ ೪ರಂದು. ಕೊಂಡು ಕೆಲವೇ ತಿಂಗಳಾಗಿದ್ದ ರಿವಾಲ್ವರು ಹೀಗೆ ವಾರಗಟ್ಟಲೆ ಠಾಣೆಯ ಪಾಲಾಯಿತು. ಆಗ ಮೈದುನರು ಬೇರೆ ಉಪಾಯಗಳನ್ನು ಹುಡುಕಿದರು. ನಗದು ಹಣವನ್ನು ಮಧ್ಯಾಹ್ನವೇ ಬ್ಯಾಂಕಿಗೆ ಕಟ್ಟತೊಡಗಿದರು; ಗಿರಾಕಿಗಳಿಂದ ಆದಷ್ಟು ಮಟ್ಟಿಗೆ ಫೋನಿನ ಮೂಲಕವೇ ಹಣ ಪಡೆದರು; ರಾತ್ರಿ ಒಬ್ಬರೇ ಹೋಗದೆ ಅಂಗಡಿಯ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡರು; ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗುವುದನ್ನು ಬಿಟ್ಟರು. ಹಿಂಬಾಲಿಸುವವರಿಗೆ ಹಿಂಬಾಲಿಸುವುದರಿಂದ ಪ್ರಯೋಜನವೇ ಇಲ್ಲದಂತಾಯಿತು. ಜೂನಿನಲ್ಲಿ ರಿವಾಲ್ವರು ಮನೆಗೆ ಮರಳಿತು. ಆದರೆ ಹೊಸ ರೂಢಿಗಳನ್ನು ಅವರು ಬಿಡಲಿಲ್ಲ. ಈಗ ಅದು ಸೊಂಟದಲ್ಲಿರುವ ದಿನಗಳಿಗಿಂತ ಪೆಟ್ಟಿಗೆಯಲ್ಲಿರುವ ದಿನಗಳೇ ಹೆಚ್ಚು.

ಇದರಿಂದ ಆಯುಧವು ನಿರರ್ಥಕವೆಂದು ನಾವು ಹೇಳುವುದಿಲ್ಲ. ನಿರ್ಜನವಾದ ತೋಟದ ಮನೆಯಲ್ಲಿರುವವರು, ನಿಜವಾದ ಬೆದರಿಕೆಗೆ ಗುರಿಯಾದವರು, ಹಣ ಕಾಯುವುದೇ ಉದ್ಯೋಗವಾದವರು ಇವರಿಗೆ ಅದರ ಅವಶ್ಯಕತೆಯುಂಟು. ಸರಕಾರವು ಪರವಾನಗಿ ಕೊಡುವುದೂ ಅದಕ್ಕಾಗಿಯೇ. ಕೊಳ್ಳಲೇಬೇಕಾದವರಿಗೆ ನಮ್ಮ ಸಲಹೆ ಇಷ್ಟು: ಮನೆಯವರೆಲ್ಲರಿಗೂ ಅದರ ಇರವು ತಿಳಿದಿರಲಿ, ಮಕ್ಕಳ ಕೈಗೆ ಅದರ ಸುಳಿವೂ ಎಟುಕದಿರಲಿ. ನಿಮ್ಮ ಕೈಗೆ ಒಗ್ಗುವುದನ್ನು ಕೊಳ್ಳಿರಿ, ಕಣ್ಣಿಗೆ ಒಪ್ಪುವುದನ್ನಲ್ಲ. ತೋಟೆಯ ಹೆಸರನ್ನು ಎರಡು ಸಲ ಓದಿರಿ. ವರ್ಷದಲ್ಲಿ ಕೆಲವು ಸಲವಾದರೂ ಬಲ್ಲವರ ಎದುರಿನಲ್ಲಿ ಅಭ್ಯಾಸ ಮಾಡಿರಿ. ಮನಸ್ಸು ಕೆಟ್ಟಿರುವ ದಿನ, ಜಗಳಕ್ಕೆ ಹೋಗುವ ದಿನ, ಮದುವೆ ಜಾತ್ರೆಗಳ ದಿನ ಅದನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ಹೋಗಿರಿ. ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದವರಿಗೆ ೨೦೧೯ರ ತಿದ್ದುಪಡಿಯು ಎರಡು ವರ್ಷಗಳವರೆಗೆ ಸೆರೆಮನೆಯನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿದೆ.

ಆಯುಧ ಚಿಕ್ಕದಾದಷ್ಟೂ ಎಚ್ಚರ ದೊಡ್ಡದಾಗಬೇಕು. ದೊಡ್ಡ ಕೋವಿಯನ್ನು ಮನೆಯೇ ಕಾಯುತ್ತದೆ. ಸೊಂಟದ ಪಿಸ್ತೂಲನ್ನು ಕಾಯಬೇಕಾದವನು ಅದನ್ನು ಕಟ್ಟಿಕೊಂಡವನೊಬ್ಬನೇ. ಆ ಕಾವಲನ್ನು ಹಗಲಿರುಳು ನಡೆಸಬಲ್ಲೆನೆಂಬ ನಂಬಿಕೆ ಯಾರಿಗುಂಟೋ ಅವರು ಅಂಗಡಿಗೆ ಹೋಗಲಿ. ಹೋಗುವ ಮೊದಲು ಮನೆಯಾಕೆಯನ್ನು ಒಂದು ಮಾತು ಕೇಳಲಿ.